ಅತ್ತಿಗೆಯ ರಾಮಾ ಗ್ರೀನ್

ಅತ್ತಿಗೆಯ ಉಗುರುಗಳು ಅಗಲವಾಗಿ ಚಪ್ಪಟೆಯಾಗಿದ್ದವು. ಹಿಪ್ಪುನೇರಳೆ ಸೊಪ್ಪಿನ ಹಾಲು ಒಣಗಿ ಅವುಗಳ ಅಂಚಿಗೆಲ್ಲ ಕಪ್ಪು ಗೆರೆ ಕಟ್ಟಿರುತ್ತಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗದ ಗೆರೆ. ಅದರ ಮೇಲೆಯೇ ಅವಳು ಬಣ್ಣ ಹಚ್ಚುತ್ತಿದ್ದಳು. ಹಸಿರೂ ಅಲ್ಲದ, ನೀಲಿಯೂ ಅಲ್ಲದ, ಸೀರೆ ಅಂಗಡಿಯವರು ರಾಮಾ ಗ್ರೀನ್ ಅನ್ನುತ್ತಾರಲ್ಲ, ಆ ಬಣ್ಣ. ಉಂಗುರದ ಬೆರಳಿಗೆ ಮಾತ್ರ ಮೇಲೊಂದು ಪದರ ಚಮಕಿ. ಬಿಸಿಲಲ್ಲಿ ಸೊಪ್ಪು ಕೊಯ್ಯುವಾಗ ಆ ಒಂದು ಬೆರಳು ಮಿಂಚುವುದು ದೂರದ ಬದುವಿನಿಂದಲೂ ಕಾಣುತ್ತಿತ್ತು.

ಅವಳು ನನ್ನ ಅಣ್ಣನ ಹೆಂಡತಿಯಾಗಿ, ಹುತ್ತೂರಿನ ಹತ್ತಿರದ ನಮ್ಮ ಊರಿಗೆ ಬಂದಾಗ ನಾನು ಏಳನೇ ಕ್ಲಾಸು. ತವರು ಮುಳಬಾಗಿಲಿನಿಂದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಮನೆಮಾತು ತೆಲುಗು. ಸಿಟ್ಟು ಬಂದರೆ ಕನ್ನಡ, ಪ್ರೀತಿ ಬಂದರೆ ತೆಲುಗು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ‘ಅಮ್ಮಾಯಿ’ ಎನ್ನುತ್ತಿದ್ದಳು. ಟ್ರಂಕಿನಲ್ಲಿ ಸೀರೆಗಳ ಕೆಳಗೆ ಒಂದು ಸ್ಟೀಲ್ ಟಿಫನ್ ಡಬ್ಬಿ ತಂದಿದ್ದಳು. ಅದರ ತುಂಬ ನೈಲ್ ಪಾಲಿಶ್ ಸೀಸೆಗಳು. ಮುಳಬಾಗಿಲು ಬಸ್ ಸ್ಟ್ಯಾಂಡಿನ ಹತ್ತಿರದ ಫ್ಯಾನ್ಸಿ ಸ್ಟೋರಿನಲ್ಲಿ ಹಬ್ಬಕ್ಕೊಂದು, ಮದುವೆಗೊಂದು ಎಂದು ಕೂಡಿಸಿಟ್ಟುಕೊಂಡಿದ್ದವು.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳುವಿಗೆ ವಾಸನೆ ಆಗುವುದಿಲ್ಲ. ಹುಳು ಇದ್ದಷ್ಟು ದಿನ ಮೆಣಸಿನಕಾಯಿ ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ, ಮುಖಕ್ಕೆ ಪೌಡರ್ ಇಲ್ಲ. ಬೀಡಿ ಸೇದಿ ಬಂದವರನ್ನು ಅಮ್ಮ ಜಗಲಿ ದಾಟಲು ಬಿಡುತ್ತಿರಲಿಲ್ಲ. ಅಂಥ ಮನೆಗೆ ಈ ಡಬ್ಬಿ ಹಿಡಿದು ಬಂದ ಸೊಸೆಯನ್ನು ನೋಡಿ ಅಮ್ಮನಿಗೆ ಮೊದಲ ದಿನವೇ ಎದೆ ಧಸಕ್ಕೆಂದಿತ್ತು. ಅತ್ತಿಗೆ ವಾದ ಮಾಡಲಿಲ್ಲ.

“ಮನೆ ಒಳಗೆ ಮುಚ್ಚಳ ತೆಗೆಯಲ್ಲ ಅತ್ತೆ,” ಎಂದಳು. ಆ ಮಾತನ್ನು ಕೊನೆಯವರೆಗೂ ಉಳಿಸಿಕೊಂಡಳು.

ಭಾನುವಾರ ಮಧ್ಯಾಹ್ನ ಊಟವಾಗಿ ಅಮ್ಮ ಒರಗಿದ ಮೇಲೆ ಅತ್ತಿಗೆ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತೋಟದ ಪಂಪ್‌ಹೌಸಿಗೆ ಹೊರಡುತ್ತಿದ್ದಳು. ಹಿಂದೆ ನಾನು. ಗೋಡೆಯ ನೆರಳಲ್ಲಿ ಗೋಣಿಚೀಲ ಹಾಸಿ ಕೂತು ಒಂದೊಂದೇ ಸೀಸೆಯನ್ನು ಅಂಗೈಗಳ ನಡುವೆ ಉರುಳಿಸುವಳು. ಅಲ್ಲಾಡಿಸಿದರೆ ಗುಳ್ಳೆ ಬರುತ್ತದೆ, ಉರುಳಿಸಬೇಕು ಎನ್ನುವಳು. “ಮಧ್ಯ ಒಂದು, ಆ ಕಡೆ ಒಂದು, ಈ ಕಡೆ ಒಂದು. ನಾಲ್ಕನೇದು ಎಳೀಬಾರದು ಅಮ್ಮಾಯಿ, ಆಸೆ ಬಿದ್ದು ಎಳೆದ್ರೆ ಕೆಡುತ್ತೆ.” ಕುಂಚ ನಡುಗದಿರಲೆಂದು ಕಿರುಬೆರಳನ್ನು ನನ್ನ ಮಣಿಕಟ್ಟಿಗೆ ಊರಿಕೊಳ್ಳುತ್ತಿದ್ದಳು. ಬಣ್ಣ ಒಣಗಿದ ಮೇಲೆ ಪೊರಕೆ ಕಡ್ಡಿಯ ತುದಿಯಲ್ಲಿ ಬಿಳಿ ಅದ್ದಿ ಐದು ಚುಕ್ಕೆ ಇಟ್ಟರೆ ಮಲ್ಲಿಗೆ. ಹೇರ್‌ಪಿನ್ನಿನ ಬಾಗಿನಿಂದ ಒಂದು ತಿರುವು ಕೊಟ್ಟರೆ ಮಾವಿನಕಾಯಿ. ಒಮ್ಮೆ ನನ್ನ ಹೆಬ್ಬೆರಳ ಮೇಲೆ ಸೊಪ್ಪು ತಿನ್ನುವ ಹುಳುವನ್ನೇ ಬರೆದಿದ್ದಳು, ಕಣ್ಣಿನ ಸಮೇತ. ಮುಗಿದ ಮೇಲೆ ನನ್ನ ಕೈಯನ್ನು ಬಿಸಿಲಿಗೆ ಹಿಡಿದು, ತಲೆ ಓರೆ ಮಾಡಿ, “ಬಾಗುಂದಾ?” ಎಂದು ಕೇಳುವಳು. ಚೆನ್ನಾಗಿದೆ ಎಂದರೆ ನಂಬುತ್ತಿರಲಿಲ್ಲ. ಇನ್ನೊಂದು ಸಲ ಕೇಳುವಳು.

ಊರಲ್ಲಿ ಮದುವೆ ಇದ್ದರೆ ಮದುಮಗಳೂ ಪಂಪ್‌ಹೌಸಿಗೇ ಬರುತ್ತಿದ್ದಳು. ಇಷ್ಟು ಕೆಲಸದ ನಡುವೆ ಇದೇನು ಹುಚ್ಚು ಎಂದು ಯಾರೋ ಕೇಳಿದ್ದಕ್ಕೆ ಅತ್ತಿಗೆ ಹೇಳಿದ್ದು ನನಗೆ ಹಾಗೇ ನೆನಪಿದೆ. “ಕೈ ಪೂರ್ತಿ ಹುಳಕ್ಕೆ, ದನಕ್ಕೆ, ಒಲೆಗೆ ಕೊಟ್ಟಿದೀನಿ ಕಣಕ್ಕ. ಈ ಹತ್ತು ಉಗುರು ಮಾತ್ರ ನಂಗಿರಲಿ.”

ಅವಳು ಬಂದು ಎರಡು ವರ್ಷಕ್ಕೆ, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅದು ನಡೆಯಿತು. ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಪೊರೆ ಕಳಚುವ ಮುಂಚೆ ಹುಳು ಮಂಕಾಗಿ ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಎದ್ದ ಮೇಲೆ ಅವಕ್ಕೆ ಹಸಿವೋ ಹಸಿವು, ಮನೆಯವರಿಗೆಲ್ಲ ಸೊಪ್ಪು ಕೊಯ್ಯುವುದೇ ಕೆಲಸ. ಅದೇ ವಾರ ನಮ್ಮ ಸ್ಕೂಲ್ ಡೇ. ನಾನು ಡಾನ್ಸಿನಲ್ಲಿದ್ದೆ, ಚಮಕಿ ಹಾಕಿಕೊಡು ಎಂದು ಅತ್ತಿಗೆಯನ್ನು ಪೀಡಿಸಿದೆ.

“ಹುಳ ಹಣ್ಣಾಗ್ಲಿ, ಗೂಡು ಕಟ್ಲಿ, ಆಮೇಲೆ ಹತ್ತು ಬೆರಳಿಗೂ ಬರೀತೀನಿ. ಈಗ ಬೇಡ ಅಮ್ಮಾಯಿ.”

ನನಗೆ ಆಮೇಲೆ ಬೇಕಿರಲಿಲ್ಲ. ಎಲ್ಲರೂ ತೋಟಕ್ಕೆ ಹೋದಾಗ ಡಬ್ಬಿ ತೆಗೆದು ಒಳಕೋಣೆಯಲ್ಲಿ ಕೂತೆ. ಆ ಕೋಣೆಗೂ ಹುಳು ಮನೆಗೂ ನಡುವೆ ಒಂದೇ ಗೋಡೆ, ಅದರಲ್ಲೊಂದು ಕಿಟಕಿ. ಉಗುರಿಗೆ ಬಣ್ಣ ತಾಗುವ ಮೊದಲೇ ಮೊಣಕೈ ತಗುಲಿ, ಹಳೇ ಬಣ್ಣ ತೆಗೆಯುವ ರಿಮೂವರ್ ಸೀಸೆ ಉರುಳಿತು. ನೆಲದ ತುಂಬ ಹರಿಯಿತು. ಹಳೇ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಮೂಲೆಯಲ್ಲಿದ್ದ ಮೂಟೆಯ ಹಿಂದೆ ತುರುಕಿ, ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಆಚೆ ಓಡಿದೆ.

ಮಾರನೇ ದಿನ ಬೆಳಿಗ್ಗೆ ಹುಳು ಸೊಪ್ಪು ಮುಟ್ಟಲಿಲ್ಲ. ತಲೆ ಎತ್ತಿ ಆ ಕಡೆ ಈ ಕಡೆ ತೂಗಿದವು, ಹಸಿರು ನೀರು ಕಾರಿಕೊಂಡವು. ಮಧ್ಯಾಹ್ನದ ಹೊತ್ತಿಗೆ ಹುಳು ಸಾಕುವ ತಟ್ಟೆ ತಟ್ಟೆಯೇ ಸತ್ತು ಬಿದ್ದಿತ್ತು. ಏನಾಯಿತೆಂದು ಹುಡುಕುತ್ತ ಅಮ್ಮ ಮೂಟೆಯ ಹಿಂದಿನ ಬಟ್ಟೆ ಎಳೆದು ಮೂಸಿದಳು. ಅದನ್ನು ಹಿಡಿದು ಹಜಾರಕ್ಕೆ ಬಂದು ನಿಂತಳು.

“ಯಾರೇ ಇದು?”

ಕೇಳಿದ್ದು ಯಾರೇ ಎಂದು. ನೋಡಿದ್ದು ಮಾತ್ರ ಅತ್ತಿಗೆಯನ್ನೇ. ಅಣ್ಣನೂ ಅವಳನ್ನೇ ನೋಡಿದ. ಅತ್ತಿಗೆಗೆ ಮೊದಲು ಅರ್ಥವಾಗಲಿಲ್ಲ. ಬಟ್ಟೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

“ನಾನೇ ಅತ್ತೆ. ತಪ್ಪಾಯ್ತು,” ಎಂದಳು.

ಅಮ್ಮ ಕೂಗಾಡಲಿಲ್ಲ. ಟ್ರಂಕಿನಿಂದ ಡಬ್ಬಿ ತೆಗೆದುಕೊಂಡು ಹೋಗಿ, ಸತ್ತ ಹುಳುಗಳ ಜೊತೆಗೇ ತಿಪ್ಪೆಗುಂಡಿಗೆ ಹಾಕಿ ಮಣ್ಣು ಎಳೆದಳು. ಅಣ್ಣ “ಇಷ್ಟಕ್ಕೋಸ್ಕರನಾ?” ಎಂದು ಒಂದೇ ಮಾತು ಕೇಳಿದ. ಒಂದು ತಿಂಗಳು ಅವಳ ಜೊತೆ ಮಾತು ಬಿಟ್ಟ. ನಾನು ಸ್ಕೂಲ್ ಡೇಯಲ್ಲಿ ಬರಿ ಉಗುರಿನಲ್ಲಿ ಕುಣಿದು ಬಂದೆ.

ನಾಲ್ಕು ದಿನ ಬಿಟ್ಟು ರೇಷ್ಮೆ ಆಫೀಸಿನವರೊಬ್ಬರು ಬಂದರು. ತಟ್ಟೆ ನೋಡಿದರು, ತೋಟ ಸುತ್ತಿದರು, ಪಕ್ಕದವರ ಟೊಮೇಟೊಗೆ ಯಾವಾಗ ಔಷಧಿ ಹೊಡೆದಿದ್ದರು ಎಂದು ಕೇಳಿದರು. ಹುಳು ಸಾಯುವ ಹಿಂದಿನ ದಿನ ಹೊಡೆದಿದ್ದರು. ಗಾಳಿ ನಮ್ಮ ಕಡೆಗಿತ್ತು. ನಾವು ಸೊಪ್ಪು ಕೊಯ್ದಿದ್ದು ಆ ಬದಿಯ ಸಾಲಿನಿಂದಲೇ.

“ನೈಲ್ ಪಾಲಿಶ್ ವಾಸನೆಗೆ ಇಷ್ಟು ಹುಳ ಒಂದೇ ದಿನಕ್ಕೆ ಸಾಯಲ್ಲಮ್ಮ. ಸೊಪ್ಪಲ್ಲೇ ವಿಷ ಇತ್ತು,” ಎಂದರು.

ಅಮ್ಮ ಕೇಳಿಸಿಕೊಂಡಳು. ಅಣ್ಣ ಕೇಳಿಸಿಕೊಂಡ, ಪಕ್ಕದವರ ಜೊತೆ ಜಗಳಕ್ಕೂ ಹೋದ. ಆಫೀಸಿನವರಿಗೆ ಕಾಫಿ ತಂದ ಅತ್ತಿಗೆಯೂ ಲೋಟ ಹಿಡಿದು ನಿಂತೇ ಕೇಳಿಸಿಕೊಂಡಳು. ಯಾರೂ ಅವಳ ಕಡೆ ತಿರುಗಲಿಲ್ಲ. ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳುವ ಅಭ್ಯಾಸ ನಮ್ಮ ಮನೆಯಲ್ಲಿ ಇರಲಿಲ್ಲ. ಅವಳು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು.

ಆಮೇಲೆ ಅವಳು ಉಗುರಿಗೆ ಬಣ್ಣ ಹಚ್ಚಲಿಲ್ಲ. ಹಬ್ಬಕ್ಕೂ ಇಲ್ಲ, ತವರಿಗೆ ಹೋದಾಗಲೂ ಇಲ್ಲ. ಹುಳು ಸಾಕುವುದರಲ್ಲಿ ಊರಿಗೇ ಹೆಸರಾದಳು. ಯಾರ ಮನೆಯಲ್ಲಿ ಹುಳು ಹಣ್ಣಾದರೂ ಅವಳನ್ನು ಕರೆದು ತೋರಿಸುತ್ತಿದ್ದರು. ಒಬ್ಬಳು ಮಗಳು ಹುಟ್ಟಿದಳು. ನಾನು ಟಿ.ಸಿ.ಎಚ್. ಓದಿ ಮಾಲೂರಿನ ಕಡೆ ಒಂದು ಶಾಲೆಗೆ ಟೀಚರಾದೆ. ಬೆಳೆ ಸ್ವಲ್ಪ ಕಮ್ಮಿ ಬಂದರೂ ಮನೆಗೆ ಬಂದ ನೆಂಟರು, “ಮತ್ತೆ ಯಾರಾದ್ರೂ ನೈಲ್ ಪಾಲಿಶ್ ಹಚ್ಕೊಂಡ್ರಾ?” ಎಂದು ನಗುತ್ತಿದ್ದರು. ಅತ್ತಿಗೆಯೂ ನಗುತ್ತಿದ್ದಳು. ನಾನು ಊಟದ ತಟ್ಟೆ ನೋಡುತ್ತಿದ್ದೆ.

ಎರಡು ವರ್ಷದ ಹಿಂದೆ ಅವಳ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು, ಕೀಮೋ ಶುರುವಾಯಿತು. ಕೂದಲು ಹೋಗಿದ್ದಕ್ಕೆ ಅವಳು ಅಷ್ಟು ಕೊರಗಲಿಲ್ಲ. ಆದರೆ ಮೂರನೇ ಸಲದ ಹೊತ್ತಿಗೆ ಉಗುರುಗಳು ಒಂದೊಂದೇ ಕಪ್ಪಾದವು. ಬುಡದಿಂದ ತುದಿಯವರೆಗೆ, ಬಾಗಿಲಿಗೆ ಸಿಕ್ಕಿ ಜಜ್ಜಿದ ಹಾಗೆ. ಯಾರಾದರೂ ನೋಡಲು ಬಂದರೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುವಳು.

ಒಂದು ಶನಿವಾರ ಊರಿಗೆ ಬಂದವಳು, ಡಾಕ್ಟರಿಗೆ ಫೋನ್ ಮಾಡಲೆಂದು ಅವಳ ಮೊಬೈಲ್ ತೆಗೆದೆ. ಅವಳು ನೋಡುತ್ತಿದ್ದ ವಿಡಿಯೋ ಹಾಗೇ ತೆರೆದಿತ್ತು. ಯಾರದೋ ಕೈ, ಉಗುರಿನ ಮೇಲೆ ನವಿಲುಗರಿ ಬರೆಯುತ್ತಿರುವ ಕುಂಚ. ಸೌಂಡ್ ಪೂರ್ತಿ ಇಳಿಸಿತ್ತು. ಕೆಳಗೆ ಜಾರಿಸಿದಷ್ಟೂ ಅದೇ. ಚಮಕಿಯವು, ಎರಡು ಬಣ್ಣ ಬೆರೆಸುವವು, ಕಲ್ಲು ಅಂಟಿಸುವವು. ವರ್ಷಗಳಿಂದ ನೋಡುತ್ತಲೇ ಬಂದಿದ್ದಳು.

“ಅತ್ತಿಗೆ, ಇದೆಲ್ಲ ನೋಡ್ತೀಯಾ?”

ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ನಕ್ಕಳು. “ನೋಡೋಕೇನಮ್ಮಾಯಿ. ವಾಸನೆ ಬರಲ್ಲವಲ್ಲ.”

ನಾನು ಆ ಮಧ್ಯಾಹ್ನವೇ ಬಸ್ಸು ಹತ್ತಿ ಕೋಲಾರಕ್ಕೆ ಹೋದೆ. ಅಂಗಡಿಯಲ್ಲಿ ರಾಮಾ ಗ್ರೀನಿನದೇ ನಾಲ್ಕು ಬಗೆ ಇದ್ದವು, ನಾಲ್ಕನ್ನೂ ತೆಗೆದುಕೊಂಡೆ. ಬೆಳ್ಳಿ ಚಮಕಿ, ಬಂಗಾರದ ಚಮಕಿ, ಬಿಳಿ, ಚುಕ್ಕೆ ಇಡುವ ಕಡ್ಡಿ. ಭಾನುವಾರ ಬಿಸಿಲು ಇಳಿದ ಮೇಲೆ ಅವಳನ್ನು ಹಿತ್ತಲಿನಲ್ಲಿ ಚಾಪೆ ಹಾಕಿ ಕೂರಿಸಿ, ಕೈ ಕೊಡು ಎಂದೆ. ಬಹಳ ಹೊತ್ತು ಕೊಡಲಿಲ್ಲ. ಕೊಟ್ಟಾಗ ಕಣ್ಣು ಬೇರೆ ಕಡೆ ತಿರುಗಿಸಿದ್ದಳು.

ನಾಲ್ಕು ಬೆರಳಿಗೆ ನಾಲ್ಕು ಬಗೆಯನ್ನೂ ಹಚ್ಚಿ ನೋಡಿದೆವು. ಒಂದು ತೀರ ಹಸಿರು, ಒಂದು ಮಬ್ಬು. ಮೂರನೆಯದೇ ಸರಿ ಎಂದಳು. ಒಂದು ಪದರಕ್ಕೆ ಕೆಳಗಿನ ಕಪ್ಪು ಕಾಣುತ್ತಿತ್ತು, ಎರಡನೆಯದಕ್ಕೆ ಮುಚ್ಚಿತು. ಅವಳು ಆಗ ತಿರುಗಿ ನೋಡಿದಳು. ಆಮೇಲೆ ಹೇಳಿಕೊಡಲು ಶುರು ಮಾಡಿದಳು. ಕುಂಚ ಇಷ್ಟು ಅದ್ದಬೇಡ, ಸೀಸೆಯ ಬಾಯಿಗೆ ಒರೆಸಿಕೋ, ಕಿರುಬೆರಳು ಊರಿಕೋ. ಅವಳ ಕೈ ತೂಕವೇ ಇಲ್ಲದ ಹಾಗೆ ನನ್ನ ಕೈಯಲ್ಲಿತ್ತು. ತಲೆ ತಗ್ಗಿಸಿಕೊಂಡೇ ಹೇಳಿದೆ.

“ಅತ್ತಿಗೆ, ಅವತ್ತು ನಾನು ಹೇಳ್ಬೇಕಿತ್ತು.”

ಯಾವತ್ತು ಎಂದು ಅವಳು ಕೇಳಲಿಲ್ಲ.

“ಅವತ್ತು ಬಿಡು. ನೀನು ಚಿಕ್ಕೋಳು, ಹೆದರಿದ್ದೆ. ಅದಕ್ಕೇ ನಾನು ಒಪ್ಕೊಂಡಿದ್ದು,” ಎಂದಳು. ಹಚ್ಚಿದ ಉಗುರಿಗೆ ಊದಿಕೊಂಡು, “ಆಮೇಲೆ ದೊಡ್ಡೋಳಾದ್ಯಲ್ಲ ಅಮ್ಮಾಯಿ. ಆಮೇಲೂ ಹೇಳ್ಲಿಲ್ಲ,” ಎಂದಳು.

ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಇವತ್ತೇ ಅಮ್ಮಂಗೆ ಹೇಳ್ತೀನಿ.”

“ಈಗ ಬೇಡ. ನಂಗೆ ಗಂಜಿ ಕುಡಿಸ್ತಿರೋರು ಅತ್ತೇನೇ. ಈಗ ಹೇಳಿದ್ರೆ ಅವ್ರಿಗೆ ನನ್ನ ಮುಖ ನೋಡೋಕೆ ಆಗಲ್ಲ.” ಮತ್ತೆ ಬೆರಳು ಚಾಚಿದಳು. “ಈ ಬೆರಳಿಗೆ ಚಮಕಿ ಜಾಸ್ತಿಯಾಯ್ತು ನೋಡು. ಒರೆಸಿ ಇನ್ನೊಂದು ಸಲ ಹಾಕು.”

ಅದಾಗಿ ಎರಡು ತಿಂಗಳಿಗೆ ಅವಳಿಗೆ ಉಸಿರು ಕಟ್ಟತೊಡಗಿತು. ಕೋಲಾರದ ಆಸ್ಪತ್ರೆಯಲ್ಲಿ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು ಸಿಕ್ಕಿಸಲು ಬಂದ ಸಿಸ್ಟರ್, ಬಣ್ಣ ಇದ್ದರೆ ಮೆಷಿನ್ ಸರಿಯಾಗಿ ತೋರಿಸುವುದಿಲ್ಲ, ತೆಗೀರಿ ಎಂದರು. ಅತ್ತಿಗೆ ಮಾಸ್ಕಿನೊಳಗಿಂದಲೇ ಏನೋ ಅಂದಳು. ಬಗ್ಗಿ ಕೇಳಿದೆ. “ಒಂದು ಬೆರಳು ಸಾಕು ಅಂತ ಹೇಳು.” ಹತ್ತಿಯನ್ನು ರಿಮೂವರಿನಲ್ಲಿ ಅದ್ದಿ ಅವಳ ತೋರುಬೆರಳು ಒರೆಸಿದೆ. ಅಡಿಯಿಂದ ಕಪ್ಪು ಉಗುರು ಎದ್ದು ಬಂತು. ಆ ಕಪ್ಪಿಗೂ ಮೆಷಿನ್ ತೋರಿಸುವುದಿಲ್ಲವೆಂದು ಸಿಸ್ಟರ್ ಕೊನೆಗೆ ಕ್ಲಿಪ್ಪನ್ನು ಕಿವಿಗೆ ಹಾಕಿದರು. ಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅವಳು ಹೋದಳು. ಅಮ್ಮ ಕಾಲು ಹಿಡಿದು ಕೂತಿದ್ದಳು. ಅಣ್ಣ ಔಷಧಿ ತರಲು ಕೆಳಗೆ ಹೋಗಿದ್ದ.

ಹನ್ನೊಂದನೇ ದಿನದ ತಿಥಿಗೆ ನೆಂಟರೆಲ್ಲ ಬಂದರು. ಊಟ ಮುಗಿದ ಮೇಲೆ ಹೆಂಗಸರು ಜಗಲಿಯಲ್ಲಿ ಕೂತು ಅತ್ತಿಗೆಯ ಮಾತಾಡುತ್ತಿದ್ದರು. ಅತ್ತಿಗೆಯ ಮಗಳು ನನ್ನ ಪಕ್ಕದಲ್ಲಿದ್ದಳು. ಅವಳಿಗೀಗ ಹನ್ನೆರಡು. ಶ್ರೀನಿವಾಸಪುರದ ದೊಡ್ಡಮ್ಮ ಕಣ್ಣೊರೆಸಿಕೊಂಡು ಹೇಳಿದಳು. “ಬಂಗಾರದಂಥ ಹೆಣ್ಣು. ಬಂದ ಹೊಸದ್ರಲ್ಲಿ ಆ ನೈಲ್ ಪಾಲಿಶ್ ಹುಚ್ಚಿಗೆ ಒಂದು ಬೆಳೆ ಹುಳ ಕಳೆದ್ಲು, ಅದೊಂದು ಬಿಟ್ರೆ ಒಂದು ತಪ್ಪೂ ಮಾಡಿದೋಳಲ್ಲ.”

ಹುಡುಗಿ ತಲೆ ತಗ್ಗಿಸಿದಳು.

“ಅದು ಅತ್ತಿಗೆಯಲ್ಲ ದೊಡ್ಡಮ್ಮ,” ಎಂದೆ. “ಸೀಸೆ ಚೆಲ್ಲಿದ್ದು ನಾನು. ಹುಳ ಸತ್ತಿದ್ದು ಅದರಿಂದಲೂ ಅಲ್ಲ, ಟೊಮೇಟೊ ಔಷಧಿಯಿಂದ. ಅದು ಅಮ್ಮಂಗೂ ಗೊತ್ತು, ಅಣ್ಣಂಗೂ ಗೊತ್ತು.”

ಅಮ್ಮ ನನ್ನನ್ನೇ ನೋಡಿದಳು. “ನೀನಾ?” ಎಂದಳು. ಆಮೇಲೆ, “ಇಷ್ಟು ವರ್ಷ ನನ್ನ ಕೈಲಿ ಅನ್ನಿಸ್ಕೊಂಡ್ಲಲ್ಲೇ ಅವ್ಳು,” ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಹುಡುಗಿ ನನ್ನ ಕಡೆ ತಿರುಗಿದಳು.

“ನಮ್ಮಮ್ಮಂಗೆ ಗೊತ್ತಿತ್ತಾ ಅತ್ತೆ, ನೀನೇ ಅಂತ?”

“ಗೊತ್ತಿತ್ತು.”

“ಮತ್ತೆ ಅಮ್ಮ ಇದ್ದಾಗ ಯಾಕೆ ಹೇಳ್ಲಿಲ್ಲ?”

ಉತ್ತರಕ್ಕೆ ಅವಳು ಕಾದಳು. ಆಮೇಲೆ ಎದ್ದು ಲಂಗ ಕೊಡವಿಕೊಂಡಳು. ಅಂಗಳದ ಆಚೆ ತುದಿಯಲ್ಲಿ ಒಬ್ಬನೇ ಕೂತಿದ್ದ ಅಪ್ಪನ ಹತ್ತಿರ ಹೋಗಿ, ನನಗೆ ಬೆನ್ನು ಮಾಡಿ ಕೂತಳು.