ಕೊಳ್ಳದ ಕಡೆಯ ಸೀಟು

ಆದೋನಿಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ನನ್ನ ಗೆಳೆಯನೊಬ್ಬ, ಹತ್ತಿಯ ಎಳೆಯನ್ನು ಬೆರಳಲ್ಲಿ ಎಳೆದು ನೋಡುವಂತೆಯೇ ಗುಡ್ಡದ ದಾರಿಯ ಮಣ್ಣನ್ನೂ ತಿಕ್ಕಿ ನೋಡುತ್ತಿದ್ದ. ಆಮೇಲೆ ಯಾವಾಗಲೂ ಒಂದೇ ಮಾತು: "ಕೊಳ್ಳದ ಕಡಿ ನಾ ಕುಂದರ್ತೀನಿ."

ನಾನು ಮೊದಲ ಸಲ ಗುಡ್ಡಕ್ಕೆ ಜೀಪು ಹತ್ತಿಸಿದ ದಿನ ಕೊಳ್ಳ ಎಡಕ್ಕಿತ್ತು. ಅವನು ನನ್ನ ಪಕ್ಕದ ಸೀಟಿನಲ್ಲಿ ಕೂತ. ಅರ್ಧ ದಾರಿಯಲ್ಲಿ ಎಡಗಡೆಯ ಗಾಲಿ ಸಡಿಲ ಮಣ್ಣಿನಲ್ಲಿ ಜಾರಿತು. ಹಿಂದೆ ಕೂತಿದ್ದ ಗೆಳೆಯರಿಬ್ಬರೂ ಕೆಳಗೆ ಜಿಗಿದರು.

"ನೀನೂ ಇಳಿಯೋ," ಎಂದೆ.

"ಏಂ ಕಾದು, ಏನೂ ಆಗಂಗಿಲ್ಲ. ನಾ ಇಳದ್ರ ನಿನ್ನ ಕೈ ನಡಗತಾವ. ಮೆಲ್ಲಕ ನಡಿ."

ಬೆವರುತ್ತಲೇ ತುದಿ ಮುಟ್ಟಿಸಿದೆ. ಬುತ್ತಿ ಉಂಡು ಹೊರಡುವಾಗ ಅವನು ಬಂದ ದಾರಿಯನ್ನೇ ನೋಡುತ್ತ ನಿಂತಿದ್ದ. ಇಳಿಯುವಾಗ ಕೊಳ್ಳ ಡ್ರೈವರ್ ಕಡೆಗೆ ಬರುತ್ತದೆಂದು ನನಗಿನ್ನೂ ಹೊಳೆದಿರಲಿಲ್ಲ. ಅವನು ಕೀಲಿಕೈಗಾಗಿ ನನ್ನೆದುರು ಅಂಗೈ ಚಾಚಿದ.