ಬುಧವಾರ ಮಧ್ಯಾಹ್ನದ ಮುದ್ದೆ

ನಮ್ಮ ಅಡುಗೆಮನೆಯ ಬಾಗಿಲಿನ ಹಿಂಬದಿಗೆ ಹಸಿರು ಬಣ್ಣ ಬಳಿದಿತ್ತು. ಪ್ರತಿ ಭಾನುವಾರ ಮಧ್ಯಾಹ್ನ, ಪಾತ್ರೆ ತೊಳೆದಿಟ್ಟ ಮೇಲೆ, ಅಮ್ಮ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ ಸೀಮೆಸುಣ್ಣದಲ್ಲಿ ಮುಂದಿನ ಏಳು ದಿನದ ಅಡುಗೆ ಬರೆಯುತ್ತಿದ್ದಳು. ಎಪ್ಪತ್ತರ ದಶಕದ ನಡುವಿನ ಮಾತು ಇದು. ರಾಜಾಜಿನಗರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾವು ಐದು ಜನ ಇದ್ದೆವು: ಅಪ್ಪ, ಅಮ್ಮ, ಅಪ್ಪನ ತಾಯಿ, ಅಪ್ಪನ ತಮ್ಮ ಮತ್ತು ಹತ್ತು ವರ್ಷದ ನಾನು.

ಐದು ಜನ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದುದು ಭಾನುವಾರ ಮಾತ್ರ. ಚಿಕ್ಕಪ್ಪ ಬೆಳಿಗ್ಗೆ ಏಳಕ್ಕೆಲ್ಲ ಡಬ್ಬಿ ಹಿಡಿದು ಜ್ಞಾನಭಾರತಿಯ ವಿಶ್ವವಿದ್ಯಾಲಯಕ್ಕೆ ಹೋಗುವ ಬಸ್ಸಿಗೆ ಓಡಬೇಕಿತ್ತು. ನನ್ನದು ಬೆಳಗಿನ ಪಾಳಿಯ ಶಾಲೆ, ಹನ್ನೆರಡಕ್ಕೆ ಬಿಡುತ್ತಿತ್ತು. ಅಜ್ಜಿಗೆ ಸೋಮವಾರ ಒಪ್ಪೊತ್ತು. ಅಪ್ಪ ಫ್ಯಾಕ್ಟರಿಯಲ್ಲಿ ಲೇತ್ ಮಿಷಿನ್ ನಡೆಸುತ್ತಿದ್ದರು. ಒಂದು ವಾರ ಬೆಳಗಿನ ಶಿಫ್ಟ್, ಮರುವಾರ ಮಧ್ಯಾಹ್ನದ್ದು. ಇದರ ಮೇಲೆ ನಲ್ಲಿ ನೀರು ದಿನ ಬಿಟ್ಟು ದಿನ, ಸೀಮೆಎಣ್ಣೆ ಡಿಪೋದಲ್ಲಿ ಸಿಕ್ಕಷ್ಟು. ನೀರು ಬರುವ ದಿನ ಅಮ್ಮ ಹಿಟ್ಟು ರುಬ್ಬುವಳು, ಮಾರನೆಯ ದಿನ ದೋಸೆ. ನೀರಿಲ್ಲದ ದಿನ ಒಂದೇ ಪಾತ್ರೆಯಲ್ಲಿ ಮುಗಿಯುವ ಅಡುಗೆ. ಸ್ಟವ್‌ನಲ್ಲಿ ಎಣ್ಣೆ ತಳ ಕಂಡರೆ ಅವಲಕ್ಕಿ.

ಯಾವುದು ಬದಲಾದರೂ ಒಂದು ಸಾಲು ಮಾತ್ರ ಬದಲಾಗುತ್ತಿರಲಿಲ್ಲ. ಅಪ್ಪನ ಹಗಲೂಟ ರಾಗಿ ಮುದ್ದೆ, ಅದೂ ಹಬೆಯಾಡುತ್ತಿರಬೇಕು. ಆರಿದ್ದರೆ ಅವರು ಬೈಯುತ್ತಿರಲಿಲ್ಲ. ತಟ್ಟೆಯನ್ನು ಒಂದು ಗೇಣು ಆಚೆ ಸರಿಸಿ, ಮಜ್ಜಿಗೆ ಕುಡಿದು ಎದ್ದುಬಿಡುತ್ತಿದ್ದರು. ಮಧ್ಯಾಹ್ನದ ಶಿಫ್ಟ್ ವಾರ ಅವರ ಊಟ ಹನ್ನೆರಡಕ್ಕೇ ಮುಗಿಯುತ್ತಿತ್ತು. ಬೆಳಗಿನ ಶಿಫ್ಟ್ ವಾರ ಅವರು ಸೈಕಲ್ ತುಳಿದು ಮನೆ ಸೇರುವಾಗ ಎರಡೂಮುಕ್ಕಾಲು. ಮೂರಕ್ಕೆ ಮುದ್ದೆ ತಟ್ಟೆಗೆ ಬೀಳಬೇಕು.

ಆ ವರ್ಷ ಅಮ್ಮನಿಗೂ ಮೂರು ಗಂಟೆಗೆ ಒಂದು ಕೆಲಸ ಬಂತು.

ಮದುವೆಗೆ ಮೊದಲು ಅವಳು ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದರಲ್ಲಿ ಫೇಲಾಗಿದ್ದಳು. ಹನ್ನೆರಡು ವರ್ಷದ ಮೇಲೆ ಅದೊಂದನ್ನು ಮತ್ತೆ ಕಟ್ಟಿದಳು. ಅಪ್ಪ ಅರ್ಜಿಗೆ ಸಹಿ ಹಾಕುವಾಗ "ಕಟ್ಟು, ಆದರೆ ಮನೆ ಕೆಲಸ ನಿಲ್ಲಬಾರದು" ಎಂದಷ್ಟೇ ಹೇಳಿದ್ದರು. ಮಹಡಿ ಮನೆಯಲ್ಲಿದ್ದ ಟೀಚರ್ ಪಾಠ ಹೇಳಿಕೊಡಲು ಒಪ್ಪಿದರು. ಅವರಿಗೆ ಬಿಡುವಿದ್ದದ್ದು ಮೂರರಿಂದ ನಾಲ್ಕೂವರೆ, ಅವರ ಮಕ್ಕಳು ಶಾಲೆಯಿಂದ ಬರುವವರೆಗೆ. ಅಮ್ಮ ಮುದ್ದೆ ಬಡಿಸಿ ಮಹಡಿ ಹತ್ತುವಾಗ ಮೂರೂಕಾಲು ದಾಟುತ್ತಿತ್ತು. ಮತ್ತೆ ಅಪ್ಪನ ತಟ್ಟೆ ಎತ್ತಲು ನಡುವೆ ಇಳಿಯಬೇಕು. ಬೆಳಗಿನ ಶಿಫ್ಟ್ ವಾರದಲ್ಲಿ ಪಾಠ ನಡೆಯುತ್ತಿದ್ದುದು ಅರ್ಧ.

ಟೀಚರ್ ಮೂಲತಃ ಧಾರವಾಡದ ಕಡೆಯವರು. ಅವರ ಅಡುಗೆಯ ಲೆಕ್ಕಾಚಾರವೇ ಬೇರೆ. ಭಾನುವಾರ ಕೂತು ಜೋಳದ ರೊಟ್ಟಿ ತಟ್ಟಿ, ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿ ಇಟ್ಟರೆ ವಾರವೆಲ್ಲ ನಿಶ್ಚಿಂತೆ.

"ನಮ್ಮ ಕಡಕ್ ರೊಟ್ಟಿ ಎಂಟು ದಿನ ಇಟ್ಟರೂ ಏನಾಗೂದಿಲ್ಲರೀ. ನಿಮ್ಮ ಮುದ್ದಿ ಎಂಟು ನಿಮಿಷ ತಡಿಯೂದಿಲ್ಲ. ಅದರ ಸಲುವಾಗಿ ನಿಮ್ಮ ಬೀಜಗಣಿತ ಅಲ್ಲೇ ನಿಂತೈತಿ" ಎಂದು ಅವರು ನಗುತ್ತಿದ್ದರು.

ಒಂದು ಬುಧವಾರ ಅವರೇ ಕೊಟ್ಟ ನಾಲ್ಕು ರೊಟ್ಟಿ, ಎಣ್ಣೆಗಾಯಿ ಪಲ್ಯ ಮುಚ್ಚಿಟ್ಟು ಅಮ್ಮ ಸರಿಯಾಗಿ ಮೂರಕ್ಕೆ ಮೇಲೆ ಹೋದಳು. ಅಪ್ಪ ಕೈಕಾಲು ತೊಳೆದು ಬಂದು ಕೂತರು. ರೊಟ್ಟಿ ಮುರಿದ ಸದ್ದು ಹಜಾರದವರೆಗೂ ಕೇಳಿತು.

"ಹಪ್ಪಳ ಚೆನ್ನಾಗಿದೆ. ಊಟ ಎಲ್ಲಿ?" ಎಂದು ನನ್ನನ್ನು ಕೇಳಿದರು.

ಅಜ್ಜಿ ಬಿಡಲಿಲ್ಲ. ಅಮ್ಮ ಇಳಿದು ಬಂದ ಕೂಡಲೇ ಶುರುಮಾಡಿದಳು. "ಎಂಟು ಗಂಟೆ ನಿಂತ್ಕೊಂಡು ದುಡಿದು ಬರೋನಿಗೆ ಒಣಗಿದ್ದನ್ನ ಹಾಕ್ತೀಯಲ್ಲೇ. ಈ ವಯಸ್ಸಲ್ಲಿ ಲೆಕ್ಕ ಕಲ್ತು ಯಾವ ಕಛೇರಿ ನಡೆಸ್ಬೇಕು ನೀನು? ನನ್ನ ಕೈ ನೆಟ್ಟಗಿದ್ದಿದ್ರೆ ನಿನ್ನ ಕೇಳ್ತಾನೂ ಇರಲಿಲ್ಲ, ನಾನೇ ತಿರುವಿ ಹಾಕ್ತಿದ್ದೆ."

ಅಜ್ಜಿಯ ಬಲಗೈ ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಮುರಿದಿತ್ತು. ಕೂಡಿಕೊಂಡರೂ ಮುದ್ದೆ ಕೋಲು ಹಿಡಿಯುವ ಶಕ್ತಿ ಬಂದಿರಲಿಲ್ಲ.

"ಪರೀಕ್ಷೆವರೆಗೆ ಅತ್ತೆ. ಆಮೇಲೆ ಎಲ್ಲ ಮೊದಲಿನ ಹಾಗೇ" ಎಂದಳು ಅಮ್ಮ. ಆದರೆ ಮುಂದಿನ ಭಾನುವಾರ ಬಾಗಿಲ ಮೇಲೆ ರೊಟ್ಟಿ ಬರೆಯಲಿಲ್ಲ. ಬೆಳಗಿನ ಶಿಫ್ಟ್ ವಾರಗಳಲ್ಲಿ ಮತ್ತೆ ಮೂರಕ್ಕೆ ಮುದ್ದೆ, ಮತ್ತೆ ಅರ್ಧ ಪಾಠ. ಬಿಟ್ಟುಹೋದ ಲೆಕ್ಕಗಳನ್ನು ಅವಳು ಸೊಪ್ಪು ಬಿಡಿಸುತ್ತ, ಪಕ್ಕದಲ್ಲಿ ನನ್ನ ಸ್ಲೇಟ್ ಇಟ್ಟುಕೊಂಡು ಮಾಡುತ್ತಿದ್ದಳು.

ಗಣಿತದ ಪರೀಕ್ಷೆ ಒಂದು ಬುಧವಾರ ಬಿತ್ತು, ಮಧ್ಯಾಹ್ನ ಎರಡಕ್ಕೆ. ಅಪ್ಪನಿಗೆ ಬೆಳಗಿನ ಶಿಫ್ಟ್. ಹಿಂದಿನ ಭಾನುವಾರ ಅಮ್ಮ ಎಂದಿನಂತೆ ಬಾಗಿಲು ಒರೆಸಿ ಬರೆದಳು. ಸೋಮವಾರ, ಮಂಗಳವಾರ ತುಂಬಿತು. ಬುಧವಾರದ ಎದುರು "ಬೆಳಿಗ್ಗೆ ಉಪ್ಪಿಟ್ಟು" ಎಂದು ಬರೆದು, "ಮಧ್ಯಾಹ್ನ" ಎಂದು ಬರೆದು, ಸೀಮೆಸುಣ್ಣ ಹಿಡಿದು ಸ್ವಲ್ಪ ಹೊತ್ತು ನಿಂತಳು. ಮುಂದೆ ಏನನ್ನೂ ಬರೆಯದೆ ಗುರುವಾರಕ್ಕೆ ಹೋದಳು. ಆ ಬಾಗಿಲ ಮೇಲೆ ಖಾಲಿ ಜಾಗ ನಾನು ಕಂಡದ್ದು ಅದೇ ಮೊದಲು. ಅಪ್ಪನೂ ನೋಡಿದರು.

ಬುಧವಾರ ಅಮ್ಮ ಸೊಪ್ಪಿನ ಸಾರು ಮಾಡಿ, ಅಜ್ಜಿಗೂ ನನಗೂ ಅನ್ನ ಬಡಿಸಿ, ಒಂದು ಗಂಟೆಗೆ ಹೊರಟಳು. ಅಪ್ಪ ಎರಡೂಮುಕ್ಕಾಲಿಗೆ ಬಂದರು. ಕೈಕಾಲು ತೊಳೆದು ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ನೋಡಿದರು. ಆಮೇಲೆ ಲುಂಗಿ ಎತ್ತಿ ಕಟ್ಟಿ ಸ್ಟವ್ ಹಚ್ಚಿದರು.

"ಏನ್ ಮಾಡ್ತಿದ್ದೀಯೋ?" ಅಜ್ಜಿ ಹಜಾರದಿಂದ ಕೂಗಿದಳು.

"ಮುದ್ದೆ."

ಅಜ್ಜಿ ಎದ್ದು ಬಂದು ಹೊಸ್ತಿಲ ಮೇಲೆ ಕೂತಳು. "ಎಸರು ಕುದೀಲಿ. ಹಿಟ್ಟು ಸುರಿದು ಹಾಗೇ ಬಿಡು, ಮುಟ್ಟಬೇಡ" ಎಂದು ಆಕೆ ಹೇಳುವಷ್ಟರಲ್ಲಿ ಅಪ್ಪ ಹಿಟ್ಟು ಸುರಿದು, ಕೋಲು ಹಾಕಿ ತಿರುವಲು ತೊಡಗಿದ್ದರು.

"ಅಯ್ಯೋ ಬೇಯ್ಲಿ ಬಿಡೋ! ಈಗ್ಲೇ ತಿರುವಿದ್ರೆ ಗಂಟಾಗುತ್ತೆ ಕಣೋ!"

"ಆಯ್ತು ಬಿಡಮ್ಮ, ಗಂಟು ಒಡೀತೀನಿ."

"ಕಬ್ಬಿಣ ಕಡಿಯೋನಿಗೆ ರಾಗಿ ಹಿಟ್ಟು ಬಗ್ತಿಲ್ಲ ನೋಡೇ" ಎಂದು ಅಜ್ಜಿ ನನ್ನ ಕಡೆ ತಿರುಗಿ ನಕ್ಕಳು. ಅಪ್ಪ ಪಾತ್ರೆಯನ್ನು ನೆಲಕ್ಕಿಳಿಸಿ, ಬಟ್ಟೆಯಿಂದ ಹಿಡಿದು, ಬೆವರು ಒರೆಸಿಕೊಳ್ಳುತ್ತ ಕಾಲು ಗಂಟೆ ತಿರುವಿದರು. ಕೊನೆಗೆ ಎರಡು ಮುದ್ದೆ ಕಟ್ಟಿದರು. ಒಂದೂ ಗುಂಡಗಿರಲಿಲ್ಲ.

"ಸರಿ, ತಿನ್ನು. ಬಿಸಿ ಆರುತ್ತೆ."

"ಅವಳು ಬರ್ಲಿ" ಎಂದು ಅಪ್ಪ ಅದರ ಮೇಲೆ ತಟ್ಟೆ ಮುಚ್ಚಿದರು. ನಾಲ್ಕಾಯಿತು, ಐದಾಯಿತು. ಅಪ್ಪ ಎರಡು ಸಲ ಗೇಟಿನವರೆಗೆ ಹೋಗಿ ಬಂದರು.

ಅಮ್ಮ ಬಂದದ್ದು ಐದೂಕಾಲಿಗೆ. ಚಪ್ಪಲಿ ಬಿಡುತ್ತಲೇ "ಊಟ ಏನು ಮಾಡಿದ್ರಿ?" ಎಂದಳು.

"ಎಷ್ಟು ಲೆಕ್ಕ ಬಿಟ್ಟೆ?" ಎಂದರು ಅಪ್ಪ.

"ಎರಡು. ಇನ್ನೊಂದು ಅರ್ಧ ಮಾಡಿದೀನಿ."

"ಬಾ, ತಿನ್ನು."

ಇಬ್ಬರೂ ಎದುರುಬದುರು ಕೂತು ಉಂಡರು. ಸಾರು ಬಿಸಿಮಾಡಿತ್ತು, ಮುದ್ದೆ ತಣ್ಣಗೆ ಗಟ್ಟಿಯಾಗಿತ್ತು. ಅಮ್ಮ ಮುರಿದಾಗಲೆಲ್ಲ ಬೇಯದ ಹಿಟ್ಟಿನ ಗಂಟು ಸಿಗುತ್ತಿತ್ತು. ಅವನ್ನು ತಟ್ಟೆಯಂಚಿಗೆ ಸಾಲಾಗಿ ಇಟ್ಟಳು. ಆರು ಇದ್ದವು. ಅಪ್ಪ ತಮ್ಮ ತಟ್ಟೆ ಆಚೆ ಸರಿಸಲಿಲ್ಲ, ಗಂಟುಗಳನ್ನೂ ನುಂಗಿದರು.

"ನಾನು ಬೇಯ್ಲಿ ಅಂದೆ" ಎಂದಳು ಅಜ್ಜಿ, ಯಾರಿಗೆ ಎಂದು ತಿಳಿಯದ ಹಾಗೆ.

ಫಲಿತಾಂಶ ಬಂದಾಗ ಅಮ್ಮ ಪಾಸಾಗಿದ್ದಳು. ಬೇಕಾದ್ದಕ್ಕಿಂತ ನಾಲ್ಕು ಅಂಕ ಮಾತ್ರ ಹೆಚ್ಚು. ಟೀಚರ್ ಆ ನಾಲ್ಕು ಅಂಕ ತಮ್ಮ ನಾಲ್ಕು ರೊಟ್ಟಿಯದೇ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು. ಮರು ತಿಂಗಳಿಂದ ಅಮ್ಮ ಟೈಪಿಂಗ್ ಕ್ಲಾಸಿಗೆ ಸೇರುವುದೆಂದಾಯಿತು. ಅದು ಬುಧವಾರ ಮಾತ್ರ ಮಧ್ಯಾಹ್ನ ಎರಡೂವರೆಗೆ, ಉಳಿದ ದಿನ ಸಂಜೆ. ಪರೀಕ್ಷೆ ಮುಗಿದ ಮೇಲೆ ಎಲ್ಲ ಮೊದಲಿನ ಹಾಗೆ ಎಂದು ಹೇಳಿದ್ದನ್ನು ಅಜ್ಜಿ ನೆನಪಿಸಲಿಲ್ಲ.

ಕ್ಲಾಸು ಶುರುವಾಗುವ ವಾರ ಅಪ್ಪನಿಗೆ ಬೆಳಗಿನ ಶಿಫ್ಟ್. ಅದರ ಹಿಂದಿನ ಭಾನುವಾರ ಬಾಗಿಲು ಒರೆಸಿ ಅಮ್ಮ ಬರೆದದ್ದು ನನಗೆ ಅಕ್ಷರಶಃ ನೆನಪಿದೆ. "ಬುಧವಾರ ಮಧ್ಯಾಹ್ನ: ಮುದ್ದೆ, ಅವರು." ಬರೆದು, ಸೀಮೆಸುಣ್ಣ ಗೂಡಿನಲ್ಲಿಟ್ಟು, ಬಟ್ಟೆ ಒಗೆಯಲು ಹಿತ್ತಿಲಿಗೆ ಹೋದಳು.

ಅಪ್ಪ ಕಾಫಿ ಲೋಟ ಇಡಲು ಬಂದವರು ಅದನ್ನು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಹಜಾರಕ್ಕೆ ಬಂದು ಅಜ್ಜಿಯ ಪಕ್ಕ ಕೂತು, ದನಿ ತಗ್ಗಿಸಿ ಕೇಳಿದರು:

"ಅಮ್ಮ, ಹಿಟ್ಟು ಹಾಕಿದ ಮೇಲೆ ಎಷ್ಟು ಹೊತ್ತು ಬಿಡ್ಬೇಕು ಅಂದೆ?"