ಬೆಳಕಿಂಡಿಯಿಂದ ಹೊರಬಿದ್ದ ಚಿತ್ರ

ನಮ್ಮ ಭಾವ ಅಕ್ಕನನ್ನು ಹೊಡೆಯುತ್ತಿದ್ದ. ಕುಡಿದಾಗ ಹೊಡೆಯುತ್ತಾನೆ ಎಂದು ಓಣಿಯವರು ಹೇಳುತ್ತಿದ್ದರು. ಅದು ಸುಳ್ಳು. ಕುಡಿಯದಾಗ ಇನ್ನೂ ಗುರಿಯಿಟ್ಟು ಹೊಡೆಯುತ್ತಿದ್ದ. ಕೈಗೆ ಸಿಕ್ಕರೆ ಎತ್ತಿಗೆ ಬೀಸುವ ಬಾರಕೋಲು, ಸಿಗದಿದ್ದರೆ ಸೊಂಟದ ಬೆಲ್ಟು. ಒಮ್ಮೆ ಅವಳ ತಲೆಯನ್ನು ಒರಳಿಗೆ ಗುದ್ದಿದ್ದ. ಕಮಲಾಪುರದ ಆ ಮನೆ ಅವನದಲ್ಲ, ನಮ್ಮಪ್ಪ ಅಕ್ಕನ ಹೆಸರಿಗೆ ಮಾಡಿಕೊಟ್ಟದ್ದು. ಬಿಟ್ಟು ಬಾ ಎಂದು ನಾನು ಕರೆದಾಗಲೆಲ್ಲ ಅವಳದು ಒಂದೇ ಮಾತು.

"ಮನಿ ನಂದದ. ಹೋಗೋದಾದ್ರ ಅಂವ ಹೋಗ್ಲಿ."

ನಾನು ಕಲಬುರಗಿಯಲ್ಲಿ ಸಿಸಿಟಿವಿ ಹಾಕುವ ಕೆಲಸದವನು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸುದ್ದಿ ಕೇಳಿದ ಮೊದಲ ಸಲ ಬೈಕು ಹತ್ತಿ ಹೋಗಿ, ಬಸ್ ನಿಲ್ಲುವಲ್ಲಿ ಕೆಂಪು ಬಾಳೆಹಣ್ಣಿನ ಗಾಡಿಗಳ ನಡುವೆ ಭಾವನನ್ನು ಕೆಡವಿ ಮುಂದಿನ ಹಲ್ಲು ಉದುರಿಸಿದ್ದೆ. ಅದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ಆದರೆ ಆ ಸಿಟ್ಟನ್ನು ಅವನು ಅಕ್ಕನ ಮೇಲೆ ತೀರಿಸಿಕೊಂಡ. ಅವಳ ಎಡಗೈಯ ಬೆರಳು ಆಮೇಲೆ ಸರಿಯಾಗಿ ಮಡಚಲೇ ಇಲ್ಲ. ಓಣಿಯ ಹಿರಿಯರನ್ನು ಕೂಡಿಸಿದೆವು. ಅವರು ಊದಿದ ಕೈ ನೋಡಿಯೂ ಅಕ್ಕನನ್ನೇ ಕೇಳಿದರು: "ಹೊಡ್ದದ್ದು ನೋಡ್ದಾರ ಯಾರವ್ವಾ?"

ನೋಡಿದವರೇ ಬೇಕಾದರೆ ಕ್ಯಾಮೆರಾ ಇಡೋಣ ಎಂದೆ. ಸಿಮ್ ಹಾಕುವ ಕ್ಯಾಮೆರಾ ತರುತ್ತೇನೆ, ಕಲಬುರಗಿಯಲ್ಲಿ ಕೂತು ನನ್ನ ಫೋನಿನಲ್ಲೇ ನೋಡುತ್ತೇನೆ ಎಂದು ಅಕ್ಕನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ನೀ ಅಲ್ಲಿ ಕುಂತು ನೋಡಿ ಏನ್ ಮಾಡ್ತಿ? ನೀ ಬರೋತನಕ ನಾ ಇರ್ತೀನೇನು? ಇಲ್ಲಿದ್ದಾರಿಗಿ ಕಾಣೂ ಹಂಗ ಮಾಡು."

ಇಲ್ಲಿದ್ದವರೆಂದರೆ ಪಕ್ಕದ ಮನೆಯ ಆಯಿ, ಒಂಟಿ ಮುದುಕಿ. ಎರಡು ಮನೆಗೂ ನಡುವೆ ಒಂದೇ ಗೋಡೆ. ಅಕ್ಕ ಹೇಳಿದ್ದು ಸರಿ ಅನ್ನಿಸಿತು. ಇಂಟರ್ನೆಟ್ ಬೇಡ, ಗೋಡೆ ದಾಟಿದರೆ ಸಾಕು. ಇಷ್ಟು ಹತ್ತಿರಕ್ಕೆ ಚಿತ್ರ ಕಳಿಸುವುದು ಮಕ್ಕಳಾಟ ಎಂದುಕೊಂಡೆ.

ಭಾವ ಊರಲ್ಲಿಲ್ಲದ ದಿನ ಕೆಲಸಕ್ಕೆ ಕೂತೆ. ಬ್ಲೂಟೂತು ಹಾಡು ಕೇಳಲಿಕ್ಕೆ ಸರಿ, ಓಡುವ ಚಿತ್ರ ಹೊರುವ ತಾಕತ್ತು ಅದಕ್ಕಿಲ್ಲ. ಹಾಗಾಗಿ ಕ್ಯಾಮೆರಾದ್ದೇ ವೈಫೈ, ಅದರಲ್ಲೂ ವೇಗದ ಐದು ಗಿಗಾಹರ್ಟ್ಸಿನದು. ಕಲಬುರಗಿಯ ಖೂಬಾ ಪ್ಲಾಟಿನ ಇಟ್ಟಿಗೆ ಮನೆಗಳಲ್ಲಿ ನಾನು ದಿನಾ ಕೂಡಿಸುವುದು ಅದನ್ನೇ. ಹಿರಿಯರು ಆಮೇಲೆ ತಕರಾರು ತೆಗೆಯಬಾರದು, ಭಾವನ ಮುಖ ಅಚ್ಚು ಹೊಡೆದಂತೆ ಕಾಣಬೇಕು ಎಂಬ ಹಟ ನನಗೆ. ಆದರೆ ಇದು ಹಳೆಯ ಮಾಳಿಗೆ ಮನೆ, ಕಲ್ಲು ಮಣ್ಣಿನ ಗೋಡೆ ಒಂದು ತೋಳು ದಪ್ಪ. ಆಯಿಯ ಮನೆಯಲ್ಲಿ ಫೋನು ಹಿಡಿದು ನಿಂತರೆ, ಪರೀಕ್ಷೆಗೆಂದು ಅಕ್ಕ ಎತ್ತಿದ ಕೈ ಎತ್ತಿದಲ್ಲೇ ಗಕ್ಕನೆ ನಿಂತುಬಿಟ್ಟಿತು. ನಿಜವಾದ ಹೊಡೆತ ಬೀಳುವಾಗ ಹೀಗೆ ನಿಂತರೆ ಏನು ಗತಿ ಎಂದುಕೊಂಡೆ.

ಎರಡೂವರೆ ಗಿಗಾಹರ್ಟ್ಸಿಗಿಂತ ತುಸು ಕೆಳಗಿನ ಹಳೆಯ ವೈಫೈಗೆ ಇಳಿದೆ. ಅದು ನಿಧಾನ, ಆದರೆ ಗೋಡೆಗೆ ಅಷ್ಟು ಹೆದರುವುದಿಲ್ಲ. ಆದರೂ ಚಿತ್ರ ತುಂಡು ತುಂಡಾಗಿ ಬಂತು. ಆಗ ಮೇಲೆ ನೋಡಿದೆ. ಮಾಳಿಗೆ ಮನೆಗೆ ಕಿಟಕಿ ಕಡಿಮೆ. ಹೊಗೆ ಹೋಗಲು, ಬೆಳಕು ಬರಲು ಮೇಲೆ ಬೆಳಕಿಂಡಿ ಬಿಟ್ಟಿರುತ್ತಾರೆ. ಅಕ್ಕನ ಬೆಳಕಿಂಡಿಯ ಕೆಳಗೆ ಜಂತಿಯ ಸಂದಿನಲ್ಲಿ ಕ್ಯಾಮೆರಾ ಕೂಡಿಸಿದೆ. ಆಯಿಯ ಬೆಳಕಿಂಡಿಯ ಕೆಳಗೆ ನನ್ನ ಹಳೆಯ ಫೋನು ಇಟ್ಟೆ. ಚಿತ್ರ ಇಲ್ಲಿ ಹತ್ತಿ ಅಲ್ಲಿ ಇಳಿಯಿತು. ಮಳೆಗೆಂದು ಮುಚ್ಚುವ ತಗಡು ಎಳೆದು ನೋಡಿದರೆ ಕೂಡಲೇ ಸತ್ತಿತು. ತಗಡು ಕಿತ್ತೆಸೆದು ದಪ್ಪ ಪ್ಲಾಸ್ಟಿಕ್ ಹಾಳೆ ಬಿಗಿದೆ. ಚಿತ್ರದ ಗುಣಮಟ್ಟವನ್ನು ಪೂರಾ ಕೆಳಗಿಳಿಸಿದೆ. ಮುಖ ತಿಳಿಯದಿದ್ದರೂ ಹೋಗಲಿ, ಕೈ ಯಾವುದು ಕೋಲು ಯಾವುದು ತಿಳಿದರೆ ಸಾಕು. ಬಾಗಿಲ ಪಕ್ಕ ಒಂದು ಸ್ವಿಚ್ಚು ಕೊಟ್ಟೆ. ಅಕ್ಕ ಒತ್ತಿದರೆ ಕ್ಯಾಮೆರಾ ಏಳುತ್ತದೆ, ಆಯಿಯ ಮನೆಯಲ್ಲಿ ಫೋನು ಒದರಿ ಚಿತ್ರ ತೋರಿಸುತ್ತದೆ.

"ಇಟ್ಟು ಹೋಗಪ್ಪಾ, ನಂಗೇನ್ ಭಾರ ಅದ," ಎಂದಳು ಆಯಿ.

ಶ್ರಾವಣದ ಒಂದು ಮಧ್ಯಾಹ್ನ. ನಾನು ಕುಸನೂರಿನಲ್ಲಿ ಕ್ಯಾಮೆರಾ ಹಾಕುತ್ತ ಏಣಿಯ ಮೇಲಿದ್ದೆ. ಆಯಿಯ ಫೋನು ಬಂತು. ಏದುಸಿರು ಬಿಡುತ್ತಿದ್ದಳು.

"ಲಗೂ ಬಾ ತಮ್ಮಾ. ನಾ ಅವನ ಕೈ ಮುರ್ದೀನಿ. ನಿಮ್ಮಕ್ಕ ಇನ್ನಾ ಉಸುರು ಆಡ್ಸಾಕತ್ತಾಳ."

ಅವತ್ತು ಒಳಗೆ ನಡೆದದ್ದನ್ನು ನಾನು ಆಮೇಲೆ ಕ್ಯಾಮೆರಾದ ಕಾರ್ಡಿನಲ್ಲಿ ನೋಡಿದೆ. ಅಕ್ಕ ಸ್ವಿಚ್ಚಿನ ಕಡೆಯಿಂದ ತಿರುಗುತ್ತಾಳೆ. ಅವನು ತುರುಬು ಹಿಡಿದು ಒಲೆಯವರೆಗೆ ದರದರ ಎಳೆಯುತ್ತಾನೆ. ಎದೆಯ ಮೇಲೆ ಮಂಡಿಯೂರಿ ಬಾರಕೋಲಿನ ಚರ್ಮದ ಬಾರನ್ನು ಕುತ್ತಿಗೆಗೆ ಸುತ್ತಿ ಜಗ್ಗುತ್ತಾನೆ. ಅಕ್ಕನ ಕಾಲು ಒದ್ದಾಡಿ ಪಲ್ಯದ ಗಡಿಗೆ ಉರುಳುತ್ತದೆ. ಕಾಲಿನ ಒದ್ದಾಟ ಕಡಿಮೆಯಾಗುತ್ತದೆ. ಆಗ ಚಿತ್ರದ ಅಂಚಿನಿಂದ ಆಯಿ ನುಗ್ಗುತ್ತಾಳೆ, ಸೀರೆ ಮೊಣಕಾಲಿಗೆ ಕಟ್ಟಿ, ಎರಡೂ ಕೈಯಲ್ಲಿ ಒನಕೆ ಹಿಡಿದು. ಮೊದಲ ಪೆಟ್ಟು ಅವನ ಬೆನ್ನಿಗೆ, ಆಮೇಲಿನದು ಬಾರು ಹಿಡಿದ ಮಣಿಕಟ್ಟಿಗೆ. ಅವನು ಬಿದ್ದು ಹೊರಳಿದ ಮೇಲೂ ಮುದುಕಿ ನಿಲ್ಲಿಸಲಿಲ್ಲ. ಜೋಳ ಕುಟ್ಟಿದಂತೆ ಕುಟ್ಟಿದಳು. ನಾನು ಹಲ್ಲು ಕಚ್ಚಿಕೊಂಡು, ಇನ್ನೊಂದು ಹಾಕು, ಇನ್ನೊಂದು ಹಾಕು ಎನ್ನುತ್ತಿದ್ದೆ.

ಈ ಸಲ ಹಿರಿಯರನ್ನು ಕೂಡಿಸಲಿಲ್ಲ, ಪೊಲೀಸರನ್ನು ಕರೆದೆವು. ಅವರಿಗೆ ಕಾರ್ಡಿನ ಚಿತ್ರ ತೋರಿಸುವಾಗ ಸೇರಿದ ಜನರಲ್ಲಿ ಒಬ್ಬ, ಚಿತ್ರ ಮಸುಕಾಗ್ಯದ, ಮುಖಾನೇ ತಿಳೀವಲ್ದು ಎಂದು ಗೊಣಗಿದ. ನಾನು ಅವನ ಅಂಗಿಗೆ ಕೈ ಹಾಕುವಷ್ಟರಲ್ಲಿ ಆಯಿ ಮುಂದೆ ಬಂದು, "ಮುಖ ನಾ ನೋಡೀನ್ರಿ, ಬರ್ಕೋರಿ," ಎಂದಳು. ಭಾವನನ್ನು ಮುರಿದ ಕೈಯ ಸಮೇತ ಕರೆದುಕೊಂಡು ಹೋದರು. ಅವನು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ.

ಅಕ್ಕನ ಗಂಟಲು ಬಾತು ಹೋಗಿತ್ತು, ಗಟ್ಟಿ ಏನೂ ಇಳಿಯುತ್ತಿರಲಿಲ್ಲ. ಆಯಿಯೇ ದಿನಾ ಬಂದು ಗಂಜಿ ಕುಡಿಸುತ್ತಿದ್ದಳು. ಮಾತಾಡುವಷ್ಟು ದನಿ ಬಂದ ದಿನ ಅಕ್ಕ ಮೊದಲು ಕೇಳಿದ್ದು ಆಯಿಯನ್ನು.

"ಆಯಿ, ಇಷ್ಟು ವರ್ಷ ನಾ ಒದರೋದು ನಿನಗ ಕೇಳಸ್ತಿದ್ದಿಲ್ಲೇನು?"

ಆಯಿ ಗಂಜಿ ಕಲಕಿ, ಚಮಚ ತುಂಬಿ ಅಕ್ಕನ ಮುಂದೆ ಹಿಡಿದಳು.

"ಕೇಳಸ್ತಿತ್ತವ್ವಾ. ಗಂಡ ಹೆಂಡ್ರ ನಡುವ ನಾ ಯಾಕ ಬರ್ಲಿ ಅಂತ, ನೀ ಒದರಿದಾಗೆಲ್ಲ ಟೀವಿ ಸಪ್ಪಳ ಏರಸ್ತಿದ್ದೆ. ಕಣ್ಣಿಗಿ ಬಿದ್ದಮ್ಯಾಲ ಕುಂದರಾಕ ಆಗ್ಲಿಲ್ಲ."

ಅಕ್ಕ ಬಾಯಿ ಮುಚ್ಚಿಕೊಂಡಳು. ಚಮಚ ಅವಳ ತುಟಿಯ ಮುಂದೆ ಹಾಗೇ ನಿಂತಿತ್ತು. ಬಾಗಿಲಲ್ಲಿ ನಿಂತಿದ್ದ ನನಗೆ ಆ ಮುದುಕಿಯ ಕಾಲು ಹಿಡಿಯಬೇಕೋ ಕತ್ತು ಹಿಡಿಯಬೇಕೋ ತಿಳಿಯಲಿಲ್ಲ.